ಯಾವ ‘ಬೇಗ’?

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳಿನ ಊರು. ಬಣ್ಣದ ಹರಳುಗಳನ್ನು ಕೊಯ್ದು, ಮುಖ ಕೊಟ್ಟು, ಮೆರುಗು ಹಾಕಿ ಮಾರುವ ಕಸಬು ಇಲ್ಲಿನ ಅನೇಕ ಮನೆಗಳಿಗೆ ಅನ್ನ ಕೊಟ್ಟಿದೆ. ಈ ಕಸಬಿನವರು ಮೊದಲು ಕಲಿಯುವ ಪಾಠವೆಂದರೆ, ಒಂದೇ ಬಣ್ಣದ ಎರಡು ಹರಳುಗಳು ಒಂದೇ ಜಾತಿಯವಾಗಬೇಕೆಂದಿಲ್ಲ. ಮಾಣಿಕ್ಯವೂ ಕೆಂಪು, ಸ್ಪಿನೆಲ್ ಎಂಬ ಹರಳೂ ಕೆಂಪು, ಬಣ್ಣ ಹಾಕಿದ ಗಾಜೂ ಕೆಂಪು. ಬ್ರಿಟಿಷ್ ದೊರೆಗಳ ಕಿರೀಟದಲ್ಲಿ ‘ಬ್ಲ್ಯಾಕ್ ಪ್ರಿನ್ಸ್ ಮಾಣಿಕ್ಯ’ ಎಂದು ಹೆಸರಾದ ದೊಡ್ಡ ಕೆಂಪು ಹರಳು ನಿಜಕ್ಕೂ ಮಾಣಿಕ್ಯವಲ್ಲ, ಸ್ಪಿನೆಲ್. ಇವೆರಡೂ ಬೇರೆ ಬೇರೆ ಖನಿಜಗಳು ಎಂಬುದು ವಿಜ್ಞಾನಿಗಳಿಗೆ ಸ್ಪಷ್ಟವಾದದ್ದು 1783ರಲ್ಲಿ. ಗಡಸುತನದ ಮೋಸ್ ಅಳತೆಯಲ್ಲಿ ಮಾಣಿಕ್ಯಕ್ಕೆ 9, ಸ್ಪಿನೆಲ್‌ಗೆ 8. ಅಷ್ಟೇ ಗಾತ್ರದ ನೀರಿಗಿಂತ ಮಾಣಿಕ್ಯ ಸುಮಾರು 4 ಪಟ್ಟು ತೂಗಿದರೆ ಸ್ಪಿನೆಲ್ ಸುಮಾರು 3.6 ಪಟ್ಟು ತೂಗುತ್ತದೆ. ಕಣ್ಣಿಗೆ ಒಂದೇ ಎನಿಸಿದ್ದು ತಕ್ಕಡಿಗೆ ಒಂದೇ ಅಲ್ಲ.

ಇಂಗ್ಲಿಷಿನ ಕ್ರಿಯಾವಿಶೇಷಣಗಳ ಮಾತೂ ಹೀಗೆಯೇ. ಕೆಲಸ ಹೇಗೆ ಆಯಿತು, ಯಾವಾಗ ಆಯಿತು, ಎಷ್ಟು ಆಯಿತು ಎಂಬುದನ್ನು ಹೇಳುವ ಪದಗಳು ಕ್ರಿಯಾವಿಶೇಷಣಗಳು. ಅರ್ಲಿ, ಸೂನ್, ಫಾಸ್ಟ್, ಕ್ವಿಕ್ಲಿ ಇವು ನಾಲ್ಕಕ್ಕೂ ನಿಘಂಟಿನಲ್ಲಿ ‘ಬೇಗ’ ಎಂಬ ಅರ್ಥ ಸಿಗುತ್ತದೆ. ಸ್ಟಿಲ್ ಮತ್ತು ಯೆಟ್ ಎರಡಕ್ಕೂ ‘ಇನ್ನೂ’. ವೆರಿ ಮತ್ತು ಟೂ ಎರಡಕ್ಕೂ ‘ತುಂಬಾ’. ಅರ್ಥ ಬಾಯಿಪಾಠ ಮಾಡಿದ ವಿದ್ಯಾರ್ಥಿ ಯಾವುದೋ ಒಂದನ್ನು ಹೆಕ್ಕಿ ಬರೆಯುತ್ತಾನೆ. ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಬೀಳುತ್ತದೆ. ‘ಅರ್ಥ ಸರಿಯಾಗಿಯೇ ಇದೆಯಲ್ಲ, ಅಂಕ ಏಕೆ ಹೋಯಿತು?’ ಎಂದು ಅವನಿಗೆ ಹೊಳೆಯುವುದಿಲ್ಲ. ಇಂಗ್ಲಿಷ್ ಬಾರದ ತಂದೆ ತಾಯಿಗೆ ಅದನ್ನು ತಿದ್ದುವುದು ಹೇಗೆಂದು ತೋಚುವುದಿಲ್ಲ. ಆದರೆ ಈ ಗೊಂದಲ ಬಿಡಿಸುವ ಕೀಲಿಕೈ ಇರುವುದು ಇಂಗ್ಲಿಷ್ ವ್ಯಾಕರಣದ ಪುಸ್ತಕಕ್ಕಿಂತ ಹೆಚ್ಚಾಗಿ ಮನೆಯ ಮಾತಿನಲ್ಲಿ.

ಮೂರು ಭಾಷೆ, ಒಂದೇ ‘ಬೇಗ’

ಅಲೀಪುರದ ಹೆಚ್ಚಿನ ಮನೆಗಳಲ್ಲಿ ಉರ್ದು ಮಾತು. ಅಂಗಡಿ, ಬಸ್ಸು, ಕಚೇರಿಗಳಲ್ಲಿ ಕನ್ನಡ. ಆಂಧ್ರದ ಹಿಂದೂಪುರ ಪಕ್ಕದಲ್ಲೇ ಇರುವುದರಿಂದ ಗೌರಿಬಿದನೂರಿನ ಸಂತೆಯಲ್ಲಿ ತೆಲುಗೂ ಧಾರಾಳವಾಗಿ ಕೇಳಿಸುತ್ತದೆ. ಮಗನನ್ನು ಅವಸರಪಡಿಸುವ ಉರ್ದು ಮನೆಯ ತಾಯಿ ‘ಜಲ್ದೀ ಆ’ ಎನ್ನುತ್ತಾಳೆ. ಕನ್ನಡದ ತಾಯಿ ‘ಬೇಗ ಬಾ’ ಎನ್ನುತ್ತಾಳೆ. ತೆಲುಗಿನ ತಾಯಿ ‘ತೊಂದರಗಾ ರಾ’ ಎನ್ನುತ್ತಾಳೆ. ತೆಲುಗಿನಲ್ಲಿ ‘ತೊಂದರ’ ಎಂದರೆ ಅವಸರ, ಕನ್ನಡದಲ್ಲಿ ‘ತೊಂದರೆ’ ಎಂದರೆ ಕಷ್ಟ. ಗಡಿಯ ಊರಿನ ಮಕ್ಕಳಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡದೆಯೇ ಗೊತ್ತಿರುತ್ತದೆ. ನೋಡಲು ಒಂದೇ ಆದ ಪದಗಳಿಗೆ ಬೇರೆ ಬೇರೆ ತೂಕವಿದೆ ಎಂಬ ಅರಿವು ಅವರಿಗೆ ಹೊಸದಲ್ಲ.

ಈ ಮೂರೂ ಭಾಷೆಗಳಲ್ಲಿ ಒಂದೇ ಪದ ಮೂರು ನಾಲ್ಕು ಕೆಲಸ ಮಾಡುತ್ತದೆ. ‘ಬೇಗ ಬಾ’ ಎಂದರೆ ಹೊತ್ತಿಗೆ ಮುಂಚೆ ಬಾ ಎಂದೂ ಆಗಬಹುದು, ತಡಮಾಡದೆ ಬಾ ಎಂದೂ ಆಗಬಹುದು, ಬಿರಬಿರನೆ ನಡೆದು ಬಾ ಎಂದೂ ಆಗಬಹುದು. ಹೇಳಿದವರ ದನಿ, ಸಂದರ್ಭಗಳಿಂದ ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷ್ ಈ ಕೆಲಸಗಳನ್ನು ಬೇರೆ ಬೇರೆ ಪದಗಳಿಗೆ ಹಂಚಿಕೊಟ್ಟಿದೆ. ಆದ್ದರಿಂದ ಇಂಗ್ಲಿಷಿನಲ್ಲಿ ಬರೆಯುವ ಮುನ್ನ ವಿದ್ಯಾರ್ಥಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಯಾವ ‘ಬೇಗ’?

ಗೊತ್ತುಮಾಡಿದ ಹೊತ್ತಿಗಿಂತ ಮುಂಚೆ ಎಂದಾದರೆ ಅರ್ಲಿ. ಈಗಿನಿಂದ ಸ್ವಲ್ಪ ಹೊತ್ತಿನಲ್ಲಿ ಎಂದಾದರೆ ಸೂನ್. ಓಟದ, ಚಲನೆಯ ವೇಗದ ಮಾತಾದರೆ ಫಾಸ್ಟ್. ಒಂದು ಕೆಲಸವನ್ನು ಕಡಿಮೆ ಹೊತ್ತಿನಲ್ಲಿ ಮುಗಿಸುವ ಮಾತಾದರೆ ಕ್ವಿಕ್ಲಿ. ಕೊನೆಯ ಎರಡು ಕೆಲವೊಮ್ಮೆ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುತ್ತವೆ. ಮೊದಲ ಎರಡು ಹಾಗೆ ನಿಲ್ಲುವುದು ಅಪರೂಪ.

ಅಲೀಪುರದಿಂದ ಗೌರಿಬಿದನೂರಿಗೆ ಹೊರಟ ಹುಡುಗಿಯೊಬ್ಬಳು ಬಸ್ಸಿಗಾಗಿ ನಿಂತಿದ್ದಾಳೆ ಎಂದುಕೊಳ್ಳೋಣ. ‘ದಿ ಬಸ್ ಕೇಮ್ ಅರ್ಲಿ’ ಎಂದರೆ ಬಸ್ಸು ವೇಳೆಗೆ ಮುಂಚೆ ಬಂದಿದೆ, ಅವಳಿಗೆ ತಪ್ಪಿಹೋಗಿರಲೂಬಹುದು. ‘ದಿ ಬಸ್ ವಿಲ್ ಕಮ್ ಸೂನ್’ ಎಂದರೆ ಇನ್ನೇನು ಬರುತ್ತದೆ, ಅವಳು ಅಲ್ಲೇ ಕಾಯಬೇಕು. ‘ದಿ ಬಸ್ ಈಸ್ ಕಮಿಂಗ್ ಫಾಸ್ಟ್’ ಎಂದರೆ ಬಸ್ಸು ಜೋರಾಗಿ ಬರುತ್ತಿದೆ, ಅವಳು ರಸ್ತೆಯಿಂದ ಪಕ್ಕಕ್ಕೆ ಸರಿಯಬೇಕು. ಕನ್ನಡದ ಒಂದೇ ‘ಬೇಗ’ ಇಂಗ್ಲಿಷಿನಲ್ಲಿ ಮೂರು ಪದವಾಗಿ, ಮಾಡಬೇಕಾದ ಕೆಲಸವನ್ನೂ ಮೂರು ಬಗೆಯಾಗಿಸಿತು. ಆದ್ದರಿಂದ ಇದು ಅಂಕದ ಮಾತಷ್ಟೇ ಅಲ್ಲ.

ವ್ಯಾಪಾರದಲ್ಲಂತೂ ಇದು ಹಣದ ಮಾತು. ಬಣ್ಣದ ಹರಳಿನ ವ್ಯಾಪಾರಕ್ಕೆ ಜೈಪುರ, ಬ್ಯಾಂಕಾಕ್ ದೊಡ್ಡ ಕೇಂದ್ರಗಳು. ದೂರದ ಗಿರಾಕಿಗೆ ಬರೆಯುವ ಪತ್ರ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ‘ಸರಕನ್ನು ಬೇಗ ಕಳಿಸುತ್ತೇವೆ’ ಎನ್ನಲು ಒಬ್ಬರು ‘ವಿ ವಿಲ್ ಸೆಂಡ್ ದಿ ಸ್ಟೋನ್ಸ್ ಅರ್ಲಿ’ ಎಂದು ಬರೆದರೆ, ಒಪ್ಪಿದ ದಿನಕ್ಕಿಂತ ಮುಂಚೆಯೇ ಕಳಿಸುತ್ತೇವೆ ಎಂದು ಮಾತು ಕೊಟ್ಟಂತಾಗುತ್ತದೆ. ಅವರ ಮನಸ್ಸಿನಲ್ಲಿದ್ದದ್ದು ‘ಹೆಚ್ಚು ದಿನ ಕಾಯಿಸುವುದಿಲ್ಲ’ ಎಂದಷ್ಟೇ ಆಗಿದ್ದರೆ ಸೂನ್ ಅಥವಾ ಶಾರ್ಟ್ಲಿ ಎಂದು ಬರೆಯಬೇಕಿತ್ತು. ಕೊಡದ ಮಾತನ್ನು ಕೊಟ್ಟು ತಪ್ಪಿದಂತೆ ಕಾಣುವುದು ಯಾವ ವ್ಯಾಪಾರಿಗೂ ಒಳ್ಳೆಯದಲ್ಲ.

‘ಲಿ’ ಸೇರಿದರೆ ಅರ್ಥ ಬದಲು

ಗುಣವಾಚಕಕ್ಕೆ ‘ಲಿ’ ಸೇರಿಸಿದರೆ ಕ್ರಿಯಾವಿಶೇಷಣವಾಗುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಸ್ಲೋ ಎಂಬುದು ಸ್ಲೋಲಿ ಆಗುತ್ತದೆ, ಕ್ಲಿಯರ್ ಎಂಬುದು ಕ್ಲಿಯರ್ಲಿ ಆಗುತ್ತದೆ. ಕನ್ನಡದಲ್ಲಿ ‘ಸ್ಪಷ್ಟ’ಕ್ಕೆ ‘ಆಗಿ’ ಸೇರಿ ‘ಸ್ಪಷ್ಟವಾಗಿ’ ಆಗುವ ಹಾಗೆ. ನಿಯಮ ಸರಿ. ಆದರೆ ಅದನ್ನು ಎಲ್ಲಕ್ಕೂ ಹಾಕಿದ ವಿದ್ಯಾರ್ಥಿ ‘ಹಿ ವರ್ಕ್ಸ್ ಹಾರ್ಡ್ಲಿ’ ಎಂದು ಬರೆದುಬಿಡುತ್ತಾನೆ. ಕಷ್ಟಪಟ್ಟು ದುಡಿಯುತ್ತಾನೆ ಎನ್ನಬೇಕಾದರೆ ‘ಹಿ ವರ್ಕ್ಸ್ ಹಾರ್ಡ್’ ಎನ್ನಬೇಕು. ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಅವನು ಕೆಲಸ ಮಾಡುವುದೇ ಇಲ್ಲವೆನ್ನುವಷ್ಟು ಕಡಿಮೆ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗನ ಬಗ್ಗೆ ಯಾರಾದರೂ ಹೀಗೆ ಬರೆದುಕೊಟ್ಟರೆ, ಹೊಗಳಿಕೆಯೆಂದು ಹೊರಟದ್ದು ದೂರಾಗಿ ತಲಪುತ್ತದೆ.

ಹೀಗೇಕೆ ಆಯಿತು ಎಂಬುದಕ್ಕೂ ಕಾರಣವಿದೆ. ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ‘ಎ’ ಎಂಬ ಸ್ವರ ಸೇರಿಸಿಯೂ ಕ್ರಿಯಾವಿಶೇಷಣ ಮಾಡುತ್ತಿದ್ದರು. ಕಾಲ ಕಳೆದಂತೆ ಆ ಕೊನೆಯ ಸ್ವರ ಉಚ್ಚಾರಣೆಯಿಂದ ಉದುರಿಹೋಯಿತು. ಹಾರ್ಡ್, ಫಾಸ್ಟ್‌ನಂಥ ಪದಗಳು ಗುಣವಾಚಕವಾಗಿಯೂ ಕ್ರಿಯಾವಿಶೇಷಣವಾಗಿಯೂ ಒಂದೇ ರೂಪದಲ್ಲಿ ಉಳಿದವು. ಹಾರ್ಡ್ಲಿ ಎಂಬುದಕ್ಕೆ ಹಿಂದೆ ‘ಬಲವಾಗಿ’ ಎಂಬ ಅರ್ಥವೂ ಇತ್ತು, ‘ಕಷ್ಟದಿಂದ’ ಎಂಬ ಅರ್ಥವೂ ಇತ್ತು. ಕಷ್ಟದಿಂದ ಆಗುವುದು ಎಂದರೆ ಆಗದೇ ಇರುವುದಕ್ಕೆ ಹತ್ತಿರ. ಹಾಗೆ ಜಾರುತ್ತ ಜಾರುತ್ತ ಅದು ‘ಬಹುತೇಕ ಇಲ್ಲ’ ಎಂಬಲ್ಲಿಗೆ ಬಂದು ನಿಂತಿತು. ಕನ್ನಡದಲ್ಲೂ ‘ಅವನು ಗೆಲ್ಲುವುದು ಕಷ್ಟ’ ಎಂದರೆ ಗೆಲ್ಲಲಾರ ಎಂದೇ ಕೇಳುವವರು ತಿಳಿಯುತ್ತಾರಲ್ಲವೇ? ಹಾರ್ಡ್ಲಿ ನಡೆದು ಬಂದದ್ದೂ ಅದೇ ದಾರಿ.

ಇಂಥ ಜೋಡಿಗಳು ಇನ್ನೂ ಇವೆ. ಲೇಟ್ ಎಂದರೆ ತಡವಾಗಿ, ಲೇಟ್ಲಿ ಎಂದರೆ ಈಚೀಚೆಗೆ. ‘ಐ ಕೇಮ್ ಲೇಟ್ಲಿ’ ಎಂದು ಬರೆದ ಕ್ಷಮಾಪಣೆಯ ಪತ್ರದಲ್ಲಿ ತಡವಾದ ಮಾತೇ ಇರುವುದಿಲ್ಲ. ನಿಯರ್ ಎಂದರೆ ಹತ್ತಿರ, ನಿಯರ್ಲಿ ಎಂದರೆ ಹೆಚ್ಚುಕಡಿಮೆ. ಹೈ ಎಂದರೆ ಎತ್ತರದಲ್ಲಿ: ಹಕ್ಕಿ ಹೈ ಹಾರುತ್ತದೆ. ಹೈಲಿ ಎಂದರೆ ಬಹಳವಾಗಿ: ಗುರುಗಳು ಶಿಷ್ಯನನ್ನು ಹೈಲಿ ಹೊಗಳುತ್ತಾರೆ. ‘ಹಿ ಸ್ಪೋಕ್ ಶಾರ್ಟ್ಲಿ’ ಎಂದರೆ ಚುಟುಕಾಗಿ ಮಾತಾಡಿದ ಎಂದಲ್ಲ, ಮುಖ ಮುರಿದಂತೆ ಮಾತಾಡಿದ ಎಂದು. ಚುಟುಕಾಗಿ ಎನ್ನಲು ಬ್ರೀಫ್ಲಿ ಬೇಕು. ಈ ಐದು ಜೋಡಿಗಳನ್ನು ವಾಕ್ಯಗಳ ಸಮೇತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಸಾಕು, ಒಂದು ವಾರದಲ್ಲಿ ಕೈಗೆ ಬರುತ್ತವೆ.

ಗಾದೆಯೇ ಗುರು

‘ತುಂಬಾ’ ಎಂಬ ಪದವೂ ಹೀಗೆ ಎರಡು ಕೆಲಸ ಮಾಡುತ್ತದೆ. ‘ಚಹಾ ತುಂಬಾ ಬಿಸಿಯಾಗಿದೆ’ ಎಂದರೆ ಚೆನ್ನಾಗಿ ಬಿಸಿಯಿದೆ ಎಂದೂ ಆಗಬಹುದು, ಕುಡಿಯಲಾಗದಷ್ಟು ಬಿಸಿಯಿದೆ ಎಂದೂ ಆಗಬಹುದು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ವೆರಿ, ಎರಡನೆಯದಕ್ಕೆ ಟೂ. ಈ ಟೂ ಎಂಬುದರ ಅರ್ಥವನ್ನು ಅಜ್ಜಿಯರು ಎಂದೋ ಹೇಳಿಕೊಟ್ಟಿದ್ದಾರೆ: ಅತಿಯಾದರೆ ಅಮೃತವೂ ವಿಷ. ಆ ಗಾದೆಯ ‘ಅತಿ’ಯೇ ಟೂ. ಅದು ಬಂದಲ್ಲೆಲ್ಲ ಅದರ ಹಿಂದೆ ಒಂದು ‘ಆದ್ದರಿಂದ ಆಗದು’ ಅಡಗಿರುತ್ತದೆ. ‘ದಿ ಸ್ಟೋನ್ ಈಸ್ ವೆರಿ ಸ್ಮಾಲ್’ ಎಂದರೆ ಹರಳು ಬಲು ಚಿಕ್ಕದು, ಅಷ್ಟೇ. ‘ದಿ ಸ್ಟೋನ್ ಈಸ್ ಟೂ ಸ್ಮಾಲ್’ ಎಂದರೆ ಅದು ಈ ಉಂಗುರಕ್ಕೆ ಬಾರದು. ಗೆಳೆಯರ ಹರಟೆಯಲ್ಲಿ ‘ಟೂ ಗುಡ್’ ಎಂದು ಹೊಗಳುವುದುಂಟು. ಪರೀಕ್ಷೆಯಲ್ಲಿ, ಪತ್ರದಲ್ಲಿ ಹೊಗಳಿಕೆಗೆ ವೆರಿಯೇ ಸುರಕ್ಷಿತ.

‘ಇನ್ನೂ’ ಎಂಬುದರ ಪರೀಕ್ಷೆ ಇನ್ನೂ ಸುಲಭ. ವಾಕ್ಯದಲ್ಲಿ ‘ಇದೆ’ ಇದ್ದರೆ ಸ್ಟಿಲ್, ‘ಇಲ್ಲ’ ಇದ್ದರೆ ಯೆಟ್ ಎಂಬುದು ಮೊದಲ ಮೆಟ್ಟಿಲು. ‘ಅವನು ಇನ್ನೂ ಮಲಗಿದ್ದಾನೆ’ ಎಂದರೆ ‘ಹಿ ಈಸ್ ಸ್ಟಿಲ್ ಸ್ಲೀಪಿಂಗ್’. ‘ಅವನು ಇನ್ನೂ ಎದ್ದಿಲ್ಲ’ ಎಂದರೆ ‘ಹಿ ಹ್ಯಾಸ್ ನಾಟ್ ಗಾಟ್ ಅಪ್ ಯೆಟ್’. ಎರಡೂ ಒಬ್ಬನೇ ಹುಡುಗನ ಮಾತು, ಒಂದೇ ಬೆಳಗಿನ ಮಾತು. ಆದರೆ ಮೊದಲ ವಾಕ್ಯದಲ್ಲಿ ಒಂದು ಸ್ಥಿತಿ ಮುಂದುವರಿದಿದೆ, ಎರಡನೆಯದರಲ್ಲಿ ಆಗಬೇಕಾದ ಒಂದು ಕೆಲಸ ಆಗಿಲ್ಲ. ಈ ನಿಯಮಕ್ಕೆ ಒಂದು ತಿರುವು ಉಂಟು. ‘ಹಿ ಸ್ಟಿಲ್ ಹ್ಯಾಸ್ ನಾಟ್ ಗಾಟ್ ಅಪ್’ ಎಂದರೂ ತಪ್ಪಲ್ಲ. ಅದರಲ್ಲಿ ಕಾದು ಬೇಸತ್ತ ತಾಯಿಯ ದನಿ ಕೇಳಿಸುತ್ತದೆ, ‘ಇಷ್ಟು ಹೊತ್ತಾದರೂ ಎದ್ದಿಲ್ಲವಲ್ಲ’ ಎನ್ನುವ ಹಾಗೆ.

ಕನ್ನಡವೇ ಮುಂದಿರುವ ಕಡೆ

ಎಲ್ಲ ಕಡೆಯೂ ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಎಂದು ತಿಳಿಯಬಾರದು. ಕನ್ನಡದಲ್ಲೇ ವ್ಯತ್ಯಾಸ ಖಚಿತವಾಗಿರುವ ಜಾಗಗಳೂ ಬೇಕಾದಷ್ಟಿವೆ. ಅಟ್ ಲಾಸ್ಟ್ ಮತ್ತು ಲಾಸ್ಟ್ಲಿ ಎರಡನ್ನೂ ‘ಕೊನೆಗೆ’ ಎಂದು ಕಲಿತವರು ತಬ್ಬಿಬ್ಬಾಗುತ್ತಾರೆ. ‘ಅಂತೂ ಮಳೆ ಬಂತು’ ಎನ್ನುವಾಗಿನ ‘ಅಂತೂ’ ಎಂಬುದೇ ಅಟ್ ಲಾಸ್ಟ್. ಬಹಳ ಕಾದ ಮೇಲೆ ಬಂದ ನೆಮ್ಮದಿ ಎರಡರಲ್ಲೂ ಇದೆ. ಭಾಷಣಕಾರರು ಒಂದೊಂದೇ ಅಂಶ ಹೇಳುತ್ತ ಬಂದು ‘ಕೊನೆಯದಾಗಿ’ ಎನ್ನುತ್ತಾರಲ್ಲ, ಅದು ಲಾಸ್ಟ್ಲಿ. ಫೈನಲಿ ಎಂಬುದು ಈ ಎರಡೂ ಕಡೆ ಸಲ್ಲುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆಗೆ ನಿಂತ ಹುಡುಗ ‘ಅಟ್ ಲಾಸ್ಟ್ ಐ ಥ್ಯಾಂಕ್ ದಿ ಹೆಡ್‌ಮಾಸ್ಟರ್’ ಎಂದರೆ, ಇಷ್ಟು ದಿನ ಕಾದು ಅಂತೂ ವಂದಿಸುವ ಹಣೆಬರಹ ಬಂತು ಎಂದಂತೆ ಕೇಳಿಸುತ್ತದೆ.

ರೀಸೆಂಟ್ಲಿ ಮತ್ತು ಲೇಟ್ಲಿಯ ವ್ಯತ್ಯಾಸವೂ ಕನ್ನಡದಲ್ಲಿ ಅಡಗಿದೆ. ‘ಇತ್ತೀಚೆಗೆ ಅವರನ್ನು ಕಂಡೆ’ ಎಂದರೆ ಒಂದು ಸಲದ ಘಟನೆ. ಅಲ್ಲಿ ರೀಸೆಂಟ್ಲಿ ಸರಿ. ‘ಈಚೀಚೆಗೆ ಅವರಿಗೆ ಹುಷಾರಿಲ್ಲ’ ಎಂದರೆ ಕೆಲವು ದಿನಗಳಿಂದ ನಡೆದುಬಂದ ಸಂಗತಿ. ಅಲ್ಲಿ ಲೇಟ್ಲಿ ಚೆನ್ನಾಗಿ ಹೊಂದುತ್ತದೆ. ಪದವನ್ನು ಇಮ್ಮಡಿಸಿ ‘ಈಚೀಚೆಗೆ’ ಎನ್ನುವಾಗ ಕನ್ನಡದ ಕಿವಿ ಆ ಭೇದವನ್ನು ಆಗಲೇ ಮಾಡಿರುತ್ತದೆ. ವಿದ್ಯಾರ್ಥಿ ತನ್ನ ಕಿವಿಯನ್ನು ನಂಬಬೇಕು, ಅಷ್ಟೇ.

ಕಿವಿ ದಾರಿ ತಪ್ಪಿಸುವ ಒಂದು ಜಾಗವನ್ನೂ ಹೇಳಬೇಕು. ಕನ್ನಡ ವ್ಯಾಕರಣದಲ್ಲಿ ಅವಧಾರಣಾರ್ಥಕ ಅವ್ಯಯವೆಂದು ಮಕ್ಕಳು ಕಲಿಯುವ ‘ಏ’ ಬಹಳ ಬಲವುಳ್ಳದ್ದು. ‘ಇವತ್ತೇ ಬಾ’ ಎಂಬುದನ್ನು ಹಲವರು ‘ಕಮ್ ಟುಡೇ ಓನ್ಲಿ’ ಎಂದು ಇಂಗ್ಲಿಷಿಗೆ ತರುತ್ತಾರೆ. ನಮ್ಮ ನಡುವೆ ಅದು ತಿಳಿಯುತ್ತದೆ. ಆದರೆ ಹೊರಗಿನವರಿಗೆ ಅದು ‘ಇವತ್ತೊಂದು ದಿನ ಮಾತ್ರ ಬಾ, ನಾಳೆ ಬರಬೇಡ’ ಎಂದು ಕೇಳಿಸಬಹುದು. ಓನ್ಲಿ ಎಂಬುದು ‘ಮಾತ್ರ’ಕ್ಕೆ ಸಮ, ‘ಏ’ಗೆ ಅಲ್ಲ. ಇಂಗ್ಲಿಷಿನಲ್ಲಿ ಆ ‘ಏ’ಯ ಕೆಲಸವನ್ನು ಬಹುಮಟ್ಟಿಗೆ ದನಿಯ ಒತ್ತೇ ಮಾಡುತ್ತದೆ. ಬರವಣಿಗೆಯಲ್ಲಿ ‘ಕಮ್ ಟುಡೇ’ ಎಂದರೆ ಸಾಕು. ಅವಸರ ತೋರಿಸಬೇಕಿದ್ದರೆ ‘ನಾಟ್ ಟುಮಾರೊ’ ಎಂದು ಸೇರಿಸಬಹುದು.

ಇಂಗ್ಲಿಷರಲ್ಲೇ ಒಮ್ಮತವಿಲ್ಲದ ಪದಗಳೂ ಇವೆ ಎಂದು ತಿಳಿದರೆ ಮಕ್ಕಳಿಗೆ ಸ್ವಲ್ಪ ಧೈರ್ಯ ಬಂದೀತು. ಪ್ರೆಸೆಂಟ್ಲಿ ಎಂದರೆ ಇಂಗ್ಲೆಂಡಿನ ಹಳೆಯ ಬಳಕೆಯಲ್ಲಿ ‘ಇನ್ನು ಸ್ವಲ್ಪ ಹೊತ್ತಿನಲ್ಲಿ’. ಅಮೆರಿಕ, ಸ್ಕಾಟ್ಲೆಂಡ್ ಮತ್ತು ಭಾರತದಲ್ಲಿ ‘ಈಗ, ಸದ್ಯ’ ಎಂಬ ಅರ್ಥವೇ ಹೆಚ್ಚು. ಮೊಮೆಂಟರಿಲಿ ಎಂದರೆ ಇಂಗ್ಲೆಂಡಿನಲ್ಲಿ ‘ಕ್ಷಣಕಾಲ’, ಅಮೆರಿಕದಲ್ಲಿ ‘ಇನ್ನೊಂದು ಕ್ಷಣದಲ್ಲಿ’ ಎಂದೂ ಆಗುತ್ತದೆ. ಇಂಥ ಕಡೆ ಜಾಣತನ ತೋರಿಸಲು ಹೋಗದೆ, ಈಗ ಎನ್ನಲು ನೌ, ಸ್ವಲ್ಪ ಹೊತ್ತಿನಲ್ಲಿ ಎನ್ನಲು ಸೂನ್ ಎಂದು ಬರೆಯುವುದೇ ಮೇಲು. ಎಲ್ಲರಿಗೂ ಒಂದೇ ಅರ್ಥ ಕೊಡುವ ಚಿಕ್ಕ ಪದವಿರುವಾಗ ಎರಡರ್ಥದ ದೊಡ್ಡ ಪದದ ಹಂಗೇಕೆ?

ಪೋಷಕರು ಮಾಡಬಹುದಾದ ಕೆಲಸ

ಹರಳಿನ ಚಕ್ರದ ಮುಂದೆ ಕೂತ ತಂದೆಗೆ, ಹೊಲದಿಂದ ಬಂದ ತಾಯಿಗೆ ಇಂಗ್ಲಿಷ್ ಬಾರದಿರಬಹುದು. ‘ನಮಗೆ ಓದು ಬರಲ್ಲ, ಮಗುವಿಗೆ ಏನು ಹೇಳಿಕೊಡೋದು?’ ಎಂಬ ಸಂಕೋಚ ಅನೇಕರಲ್ಲಿದೆ. ಆದರೆ ಮೇಲಿನ ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳಲು ಇಂಗ್ಲಿಷ್ ಬೇಕಿಲ್ಲ. ಮಗು ಮನೆಪಾಠ ಬರೆಯುವಾಗ ಅದರ ಪಕ್ಕ ಕೂತು ‘ಬೇಗ ಅಂದರೆ ಹೊತ್ತಿಗೆ ಮುಂಚೆಯೋ, ಇನ್ನು ಸ್ವಲ್ಪ ಹೊತ್ತಿಗೋ, ಓಡೋಡಿಯೋ?’ ಎಂದು ಕೇಳಿದರೆ ಸಾಕು. ಈ ಪ್ರಶ್ನೆಯನ್ನು ಉರ್ದುವಿನಲ್ಲಿ ಕೇಳಬಹುದು, ತೆಲುಗಿನಲ್ಲಿ ಕೇಳಬಹುದು. ಉತ್ತರ ಹುಡುಕುವ ಹೊತ್ತಿಗೆ ಮಗುವಿನ ತಲೆಯಲ್ಲಿ ಇಂಗ್ಲಿಷ್ ಪದ ತಾನೇ ಬೇರೆಯಾಗಿರುತ್ತದೆ. ಅರ್ಥದ ಕೆಲಸ ಮನೆಯ ಭಾಷೆಯದು, ಪದದ ಕೆಲಸ ಮಾತ್ರ ಇಂಗ್ಲಿಷಿನದು.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಬಹುದು. ಬಡತನದ ಮನೆಯಿಂದ 1935ರಲ್ಲಿ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಅವರು ನ್ಯಾಷನಲ್ ಹೈಸ್ಕೂಲು ಸೇರಿದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳುವ ಹೊಣೆ ಈ ಹಳ್ಳಿಯ ಹುಡುಗನಿಗೆ ಬಿತ್ತು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ದಾಟಿಸುವವರು ಪದಕ್ಕೆ ಪದ ಇಡಲಾಗುವುದಿಲ್ಲ. ‘ಇದರ ಅರ್ಥ ಇಲ್ಲಿ ಏನು?’ ಎಂದು ಹೆಜ್ಜೆ ಹೆಜ್ಜೆಗೂ ಕೇಳಿಕೊಳ್ಳಬೇಕು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಕ್ಕಳು ಈ ಅಭ್ಯಾಸವನ್ನು ಹುಟ್ಟಿನಿಂದ ಮಾಡುತ್ತಿರುತ್ತಾರೆ. ಅದು ಕೊರತೆಯಲ್ಲ, ಆಸ್ತಿ. ಶಾಲೆಯಲ್ಲಿ ಆ ಆಸ್ತಿಯನ್ನು ಬಳಸುವುದಕ್ಕೆ ನಾಚಬೇಕಾಗಿಲ್ಲ.

ಈ ವಾರದ ಅಭ್ಯಾಸ

ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿಗೆ ತರುವಾಗ ಯಾವ ಕ್ರಿಯಾವಿಶೇಷಣ ಬೇಕು? ಮೊದಲು ಅರ್ಥವನ್ನು ಮನೆಯ ಮಾತಿನಲ್ಲೇ ಬಿಡಿಸಿ ಹೇಳಿ, ಆಮೇಲೆ ಪದ ಆರಿಸಿ.

1. ಪರೀಕ್ಷೆ 10 ಗಂಟೆಗೆ, ನೀನು ಬೇಗ ಬಂದು ಜಾಗ ನೋಡಿಕೋ.
2. ಫಲಿತಾಂಶ ಬೇಗ ಬರಲಿದೆ.
3. ಅವಳು ಲೆಕ್ಕವನ್ನು ಬೇಗ ಬಿಡಿಸಿದಳು.
4. ಈ ಚೀಲ ತುಂಬಾ ಭಾರ, ಮಗು ಎತ್ತಲಾರದು.
5. ಮಳೆ ಇನ್ನೂ ಬರುತ್ತಿದೆ.
6. ಪತ್ರ ಇನ್ನೂ ಬಂದಿಲ್ಲ.
7. ಅಂತೂ ಬಸ್ಸು ಬಂತು.
8. ಅವನು ಈ ವರ್ಷ ಕಷ್ಟಪಟ್ಟು ಓದಿದ.

ಉತ್ತರಗಳು: 1. ಅರ್ಲಿ. 2. ಸೂನ್. 3. ಕ್ವಿಕ್ಲಿ. 4. ಟೂ. 5. ಸ್ಟಿಲ್. 6. ಯೆಟ್. 7. ಅಟ್ ಲಾಸ್ಟ್. 8. ಹಾರ್ಡ್. ಎಂಟನೆಯದಕ್ಕೆ ಹಾರ್ಡ್ಲಿ ಎಂದು ಬರೆದವರು ‘ಲಿ’ ಸೇರಿದರೆ ಅರ್ಥ ಹೇಗೆ ಬದಲಾಗುತ್ತದೆ ಎಂಬ ಭಾಗವನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ಪಾಪ, ವರ್ಷವಿಡೀ ಓದಿದ ಆ ಹುಡುಗ ಪುಸ್ತಕವನ್ನೇ ಮುಟ್ಟಿಲ್ಲ ಎಂದು ಹೇಳಿದಂತಾಗುತ್ತದೆ.